ಮಾವನ ಹಳೇ ಗಾಲ್ಫ್ ಸೆಟ್: ಆಡೋದಕ್ಕೆ ತಯಾರು ಮಾಡಲೋ, ಗುಜರಿಗೆ ಹಾಕಲೋ?

ಅಟ್ಟದ ಐರನ್ (ಮೈಸೂರು)

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಚಿಕ್ಕಮಗಳೂರು ಕಡೆ ಕಾಫಿ ತೋಟದಲ್ಲಿ ಮ್ಯಾನೇಜರ್ ಆಗಿದ್ದರು. ಅವರ ಗಾಲ್ಫ್ ಸೆಟ್ ಈಗ ನನ್ನ ಪಾಲಿಗೆ ಬಂದಿದೆ. 3ರಿಂದ 9ರವರೆಗಿನ ಐರನ್‌ಗಳು (ಲೋಹದ ತಲೆಯ ಕ್ಲಬ್), ಒಂದು ಪಿಚಿಂಗ್ ವೆಜ್ (ಹತ್ತಿರದ ಹೊಡೆತಕ್ಕೆ), ಹಿತ್ತಾಳೆ ಬಣ್ಣದ ಪಟರ್ (ಬಾಲನ್ನು ಹೋಲ್‌ಗೆ ಉರುಳಿಸಲು), ಮರದ ತಲೆಯ ಡ್ರೈವರ್ (ದೂರದ ಮೊದಲ ಹೊಡೆತಕ್ಕೆ), 3 ವುಡ್. ಐರನ್‌ಗಳು ತೆಳ್ಳಗಿನ ಬ್ಲೇಡ್‌ಗಳು, ಹಿಂದೆ ಗುಳಿ ಇಲ್ಲ. ಗ್ರಿಪ್ ಎಲ್ಲಾ ಒಣಗಿ ಗಟ್ಟಿಯಾಗಿವೆ, ಕೈ ಜಾರುತ್ತದೆ. ಅಲ್ಲಲ್ಲಿ ತುಕ್ಕು.

ನಾನು ಆಡುವುದು ಭಾನುವಾರ, ಗೆಳೆಯರ ಜೊತೆ. ಹ್ಯಾಂಡಿಕ್ಯಾಪ್ 24, ಅಂದರೆ ಸಾಧಾರಣ ಆಟಗಾರ. ಈಗ ಇರುವುದು ಒಂದು ಬಾಕ್ಸ್ ಸೆಟ್ (ಎಲ್ಲಾ ಕ್ಲಬ್ ಒಟ್ಟಿಗೆ ಬರುವುದು). ಈ ಹಳೇದರಲ್ಲಿ ಆಡಬಹುದಾ? ಆಡುವುದಾದರೆ ಏನೇನು ಮಾಡಬೇಕು, ಮನೆಯಲ್ಲೇ ಎಷ್ಟು ಮಾಡಿಕೊಳ್ಳಬಹುದು? ಒಂದು ಅಂಗಡಿಯಲ್ಲಿ ವಿಚಾರಿಸಿದರೆ "ಇದಕ್ಕೆಲ್ಲ ಖರ್ಚು ಮಾಡ್ಬೇಡಿ ಸರ್, ಹೊಸದು ತಗೊಳ್ಳಿ" ಅಂದರು.

ಬಿಡದಿ ಸ್ಲೈಸ್

ಅಂಗಡಿಯವರು ಹೇಳಿದ್ದರಲ್ಲಿ ತಪ್ಪೇನಿದೆ? 24 ಹ್ಯಾಂಡಿಕ್ಯಾಪ್‌ಗೆ ಬ್ಲೇಡ್ ಅಂದರೆ ಸುಮ್ನೆ ಕೈ ನೋವು. ನಡುವೆ ತಾಗದಿದ್ದರೆ ಬಾಲ್ ಹೋಗುವುದಿಲ್ಲ, ಬೆರಳು ಮಾತ್ರ ಜುಮ್ಮೆನ್ನುತ್ತದೆ. ಮರದ ಡ್ರೈವರ್ ಗೋಡೆಗೆ ನೇತುಹಾಕಿ, ಚೆನ್ನಾಗಿ ಕಾಣುತ್ತದೆ.

ಸೋಮವಾರದ ಕ್ಯಾಡಿ

ಸರ್, ಗುಜರಿಗೆ ಮಾತ್ರ ಹಾಕಬೇಡಿ. ನಾನು ಬೆಂಗಳೂರಿನಲ್ಲಿ ಕ್ಯಾಡಿ (ಆಟಗಾರರ ಬ್ಯಾಗ್ ಹೊರುವವನು) ಆಗಿದ್ದವನು, ಈಗ ಸಣ್ಣದಾಗಿ ಕ್ಲಬ್ ರಿಪೇರಿ ಮಾಡುತ್ತೇನೆ. ಸೋಮವಾರ ಕೋರ್ಸ್‌ಗೆ ರಜೆ. ಅವತ್ತು ನಮಗೆ ಆಡಲು ಬಿಡುತ್ತಿದ್ದರು. ಮೆಂಬರ್‌ಗಳು ಬೇಡ ಅಂತ ಬಿಟ್ಟ ಇಂಥ ಬ್ಲೇಡ್‌ಗಳಲ್ಲೇ ನಾವೆಲ್ಲ ಕಲಿತದ್ದು. ನಾಲ್ಕು ಜನಕ್ಕೆ ಒಂದು ಸೆಟ್, ಅದರಲ್ಲೂ 6 ನಂಬರ್ ಇರುತ್ತಿರಲಿಲ್ಲ.

ಈಗ ಕೆಲಸದ ಮಾತು. ಒಂದೇ ಒಂದು ಬಾಲ್ ಹೊಡೆಯುವ ಮೊದಲು ತಲೆ ಭದ್ರವಾಗಿದೆಯಾ ನೋಡಿ. ಒಂದು ಕೈಯಲ್ಲಿ ತಲೆ, ಇನ್ನೊಂದು ಕೈಯಲ್ಲಿ ಶಾಫ್ಟ್ (ಕ್ಲಬ್‌ನ ಉದ್ದನೆ ಕೋಲು) ಹಿಡಿದು ತಿರುಚಿ. ಸ್ವಲ್ಪ ಅಲ್ಲಾಡಿದರೂ, ಕಿರ್ ಅಂದರೂ ಆಡಬೇಡಿ. ತಲೆ ಕಳಚಿ ಹಾರಿದರೆ ಎದುರಿಗಿದ್ದವರ ಗತಿ ಮುಗಿಯಿತು. ಶಾಫ್ಟ್ ತಲೆಗೆ ಸೇರುವ ಜಾಗದಲ್ಲಿ ತುಕ್ಕು ಗುಳಿ ಬಿದ್ದಿದ್ದರೆ ಆ ಶಾಫ್ಟ್ ಮುಗಿದ ಹಾಗೆ. ಗ್ರಿಪ್ ಬಿಚ್ಚಿದ ಮೇಲೆ ಶಾಫ್ಟ್ ತಲೆಕೆಳಗೆ ಮಾಡಿ ಕುಟ್ಟಿ. ಒಳಗಿಂದ ಕೆಂಪು ಪುಡಿ ತುಂಬಾ ಉದುರಿದರೆ ಒಳಗೆ ತಿಂದಿದೆ ಅಂತ ಅರ್ಥ.

ಇದು ಸರಿ ಇದ್ದರೆ ಮುಂದಿನ ಕೆಲಸ ಗ್ರಿಪ್. ಅದು ಮುಗಿಯುವವರೆಗೆ ಬೇರೇನೂ ಮುಟ್ಟಬೇಡಿ. ಗ್ರಿಪ್ ಜಾರುತ್ತದೆ ಅಂತ ಗೊತ್ತಾದರೆ ನಿಮಗೇ ಗೊತ್ತಿಲ್ಲದೆ ಬಿಗಿಯಾಗಿ ಹಿಡಿಯುತ್ತೀರಿ. ಮಣಿಕಟ್ಟು ಬಿಗಿಯಾದರೆ ಸ್ವಿಂಗ್ ಎಲ್ಲಿಂದ ಬರಬೇಕು? ಜನ ಶಾಫ್ಟ್ ಬದಲಾಯಿಸುತ್ತಾರೆ, ಕೋಚ್ ಬದಲಾಯಿಸುತ್ತಾರೆ, ಗ್ರಿಪ್ ಮಾತ್ರ ಹಾಗೇ ಇರುತ್ತದೆ.

ಬೋಗಿ ಭಟ್ಟ (ಮಂಗಳೂರು)

ತುಕ್ಕಿನ ವಿಷಯ ನಮ್ಮನ್ನು ಕೇಳಿ ಮಾರಾಯ್ರೆ. ನಮ್ಮಲ್ಲಿ ಪಿಲಿಕುಳದಲ್ಲಿ ಆಡಿ ಬಂದು ಕ್ಲಬ್ ಒರೆಸದೆ ಇಟ್ಟರೆ ಮುಂದಿನ ವಾರ ಕೆಂಪು. ಸಮುದ್ರದ ಗಾಳಿ, ಮೇಲಿಂದ ಮಳೆಗಾಲ.

ಹುಣಸೆಹಣ್ಣು ನೆನೆಸಿದ ನೀರು ಇಲ್ಲವೇ ವಿನೆಗರ್‌ನಲ್ಲಿ ತಲೆ ಮಾತ್ರ ಸ್ವಲ್ಪ ಹೊತ್ತು ಮುಳುಗಿಸಿ. ರಾತ್ರಿಯಿಡೀ ಬೇಡ, ಹುಳಿ ಕಬ್ಬಿಣವನ್ನೂ ತಿನ್ನುತ್ತದೆ. ಆಮೇಲೆ ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆ ತೆಳ್ಳಗೆ ಸವರಿ. ಕ್ರೋಮ್ ಎದ್ದು ಸಿಪ್ಪೆ ಸುಲಿಯುತ್ತಿದ್ದರೆ ಅದನ್ನು ಕೀಳಬೇಡಿ, ಅಂಚು ಚೂಪಾಗಿರುತ್ತದೆ, ಬೆರಳು ಕೊಯ್ಯುತ್ತದೆ. ಮುಖದ ಸಾಲುಗಳಲ್ಲಿರುವ (ಗ್ರೂವ್) ಮಣ್ಣಿಗೆ ಬಾಲ್ ಇಡುವ ಟೀ ಕಡ್ಡಿ ಸಾಕು. ಮೊಳೆ ಹಾಕಿ ಕೆರೆದರೆ ಗ್ರೂವ್ ಹಾಳಾಗುತ್ತದೆ.

ಓಹಿಯೋ ಕನ್ನಡಿಗ

ಇಲ್ಲಿ ಗುಡ್‌ವಿಲ್‌ನಂಥ ಹಳೇ ಸಾಮಾನಿನ ಅಂಗಡಿಗಳಲ್ಲಿ ಇಂಥ ಐರನ್‌ಗಳು ಡಬ್ಬಿ ತುಂಬಾ ಬಿದ್ದಿರುತ್ತವೆ. ಒಂದೊಂದು ಕೆಲವೇ ಡಾಲರ್. ನಾನು ಈ ಹುಚ್ಚಿಗೆ ಬಿದ್ದದ್ದು ಹಾಗೆಯೇ. ಇಲ್ಲಿ ಊರಿನ ಸಾರ್ವಜನಿಕ ಕೋರ್ಸ್‌ಗಳಲ್ಲಿ ಮೆಂಬರ್ ಆಗದೆ ದುಡ್ಡು ಕೊಟ್ಟು ಆಡಬಹುದು, ಹಾಗಾಗಿ ಹಳೇ ಸೆಟ್ ಹೊತ್ತುಕೊಂಡು ಒಬ್ಬನೇ ಹೋಗಿ ಒಂಬತ್ತು ಹೋಲ್ ಆಡಿ ಬರುತ್ತೇನೆ.

ಅಟ್ಟದ ಐರನ್ ಅವರೇ, ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಕ್ಲಬ್ ಮೇಲಿನ ನಂಬರ್ ನಂಬಬೇಡಿ. 1970ರ ದಶಕದ 7 ಐರನ್‌ನ ಲಾಫ್ಟ್ (ಮುಖದ ಓರೆ) ಸಾಮಾನ್ಯವಾಗಿ 38 ಡಿಗ್ರಿ ಆಸುಪಾಸು. ಈಗಿನ ಬಾಕ್ಸ್ ಸೆಟ್‌ನಂಥ ಐರನ್‌ಗಳಲ್ಲಿ 7 ಅಂದರೆ 30 ಡಿಗ್ರಿ ಸುತ್ತಮುತ್ತ, ಕೆಲವು 28. ಅಂದರೆ ಮಾವನ 7 ನಿಮ್ಮ ಈಗಿನ 9. ಮಾವನ ಪಿಚಿಂಗ್ ವೆಜ್ 50 ಡಿಗ್ರಿ ಇರಬಹುದು, ಈಗಿನದು 44. ಮೊದಲ ದಿನ ಹಳೇ 7 ಹೊಡೆದು ಇಪ್ಪತ್ತು ಗಜ ಕಡಿಮೆ ಬಿತ್ತು ಅಂತ ಎಲ್ಲರೂ ಬೇಜಾರಾಗುತ್ತಾರೆ. ನಂಬರ್ ಮುಚ್ಚಿ ಆಡಿದರೆ ಅರ್ಧ ದುಃಖ ಹೋಗುತ್ತದೆ.

ಲಾಫ್ಟ್ ಅಳೆಯಲು ಮನೆಯಲ್ಲೇ ಒಂದು ದಾರಿ ಇದೆ. ಗಾರೆ ಕೆಲಸದವರ ತೂಕದ ದಾರ ಗೋಡೆಗೆ ಇಳಿಬಿಡಿ. ಪಕ್ಕದಿಂದ ನೋಡಿದಾಗ ಶಾಫ್ಟ್ ಆ ದಾರಕ್ಕೆ ಸಮನಾಗಿ ನೆಟ್ಟಗಿರುವ ಹಾಗೆ ಕ್ಲಬ್ ನಿಲ್ಲಿಸಿ, ಮುಖಕ್ಕೆ ಫೋನ್ ಒರಗಿಸಿ. ಫೋನ್‌ನಲ್ಲಿರುವ ಲೆವೆಲ್ ಆ್ಯಪ್ ಓರೆ ತೋರಿಸುತ್ತದೆ. ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಬರಬಹುದು, ನಮ್ಮ ಆಟಕ್ಕೆ ಸಾಕು. ಎಲ್ಲಾ ಐರನ್‌ಗಳದ್ದನ್ನೂ ಬರೆದಿಟ್ಟುಕೊಳ್ಳಿ. ಹಳೇ ಸೆಟ್‌ನಲ್ಲಿ ಯಾರೋ ಬಗ್ಗಿಸಿದ ಒಂದು ಕ್ಲಬ್ ಇದ್ದೇ ಇರುತ್ತದೆ. 5 ಮತ್ತು 6 ಎರಡೂ ಒಂದೇ ದೂರ ಹೋಗುತ್ತಿದ್ದರೆ ಕಾರಣ ಅಲ್ಲಿ ಸಿಗುತ್ತದೆ.

ಬಿಡದಿ ಸ್ಲೈಸ್

ಲಾಫ್ಟ್ ಕಮ್ಮಿ ಮಾಡಿ ಜನರನ್ನು ಮೋಸ ಮಾಡುತ್ತಾರೆ ಅನ್ನುವ ಥರ ಬರೆಯಬೇಡಿ ಸರ್. ಹೊಸ ಐರನ್‌ಗಳಲ್ಲಿ ತೂಕ ತಳಕ್ಕೆ, ಹಿಂದಕ್ಕೆ ಹೋಗಿದೆ. ಬಾಲ್ ತಾನಾಗೇ ಮೇಲೇಳುತ್ತದೆ. ಲಾಫ್ಟ್ ಇಳಿಸದಿದ್ದರೆ ಗಾಳಿಪಟವಾಗುತ್ತದೆ. ನಾನು ಇಂಜಿನಿಯರ್, ಇದು ಬರೀ ಜಾಹೀರಾತಲ್ಲ.

ಓಹಿಯೋ ಕನ್ನಡಿಗ

ಒಪ್ಪಿದೆ. ಆದರೆ ಜಾಹೀರಾತಿನಲ್ಲಿ "10 ಗಜ ಜಾಸ್ತಿ" ಅಂತ ಇರುತ್ತದೆಯೇ ಹೊರತು "ನಿಮ್ಮ 6ರ ಮೇಲೆ 7 ಅಂತ ಬರೆದಿದ್ದೇವೆ" ಅಂತ ಇರುವುದಿಲ್ಲ ಅಲ್ವಾ?

ಬೋಗಿ ಭಟ್ಟ (ಮಂಗಳೂರು)

ಇನ್ನೊಂದು. ಬೆಂಗಳೂರಿನವರು ದೂರ ಹೇಳುವಾಗ ನಾಲ್ಕೈದು ಗಜ ಕಳೆದುಕೊಳ್ಳಿ. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಗಾಳಿ ತೆಳು. 150 ಗಜದ ಹೊಡೆತಕ್ಕೆ ಅಷ್ಟು ಬೋನಸ್ ಸಿಗುತ್ತದೆ. ಇಲ್ಲಿಗೆ ಬಂದು "ನನ್ನ ಕ್ಲಬ್ ಕೆಟ್ಟಿದೆ" ಅನ್ನುತ್ತಾರೆ.

ಕಾಫಿ ಮತ್ತು ಕರಿಮೆಣಸು (ಕೊಡಗು)

ಮರದ ಡ್ರೈವರ್ ಗೋಡೆಗೆ ಅಂದವರ ಮೇಲೆ ನನಗೆ ಸಿಟ್ಟಿದೆ. ಅದು ಪರ್ಸಿಮನ್ ಇರಬೇಕು. ನಮ್ಮ ಎಬೊನಿ ಮತ್ತು ಬೀಡಿ ಎಲೆಯ ಮರದ ಕುಲಕ್ಕೇ ಸೇರಿದ ಅಮೆರಿಕದ ಮರ. ತುಂಬಾ ಗಟ್ಟಿ. ಆದರೆ ಒಮ್ಮೆ ಬೆಳಕಿನಲ್ಲಿ ಹಿಡಿದು ನೋಡಿ. ತಲೆಯ ಮೇಲೆ ಪ್ಲೈವುಡ್ ಅಂಚಿನ ಹಾಗೆ ಪದರ ಪದರವಾಗಿ ಗೆರೆ ಕಂಡರೆ ಅದು ಮೇಪಲ್ ಹಾಳೆಗಳನ್ನು ಅಂಟಿಸಿ ಮಾಡಿದ್ದು. ಅದೂ ಕೆಟ್ಟದ್ದಲ್ಲ, ಇನ್ನೂ ಬಾಳಿಕೆ ಬರುತ್ತದೆ.

1979ರಲ್ಲಿ ಟೇಲರ್‌ಮೇಡ್ ಕಂಪನಿ ಉಕ್ಕಿನ ತಲೆಯ ಡ್ರೈವರ್ ತಂದ ಮೇಲೂ ಮರ ತಕ್ಷಣ ಹೋಗಲಿಲ್ಲ. 1993ರಲ್ಲಿ ಬರ್ನ್‌ಹಾರ್ಡ್ ಲಾಂಗರ್ ಮಾಸ್ಟರ್ಸ್ ಟೂರ್ನಿ ಗೆದ್ದದ್ದು ಮರದ ಡ್ರೈವರ್‌ನಲ್ಲೇ. ಮರಕ್ಕೆ ಶತ್ರು ನೀರು. ನಮ್ಮ ಮಡಿಕೇರಿ ಮಳೆಯಲ್ಲಿ ವಾರ್ನಿಶ್ ಬಿರುಕು ಬಿಟ್ಟಿದ್ದರೆ ತಲೆ ಊದಿಕೊಂಡು ಮುಖದ ಇನ್ಸರ್ಟ್ (ನಡುವೆ ಕೂರಿಸಿದ ತುಂಡು) ಸಡಿಲವಾಗುತ್ತದೆ. ತಳದ ಲೋಹದ ಪಟ್ಟಿಯ ಸ್ಕ್ರೂ ಬಿಗಿ ಇದೆಯಾ ನೋಡಿ. ಹಳೇ ಬಣ್ಣ ಎಬ್ಬಿಸಬೇಕಾಗಿಲ್ಲ. ಬಿರುಕಿದ್ದ ಕಡೆ ಮರಳುಕಾಗದದಲ್ಲಿ ಹಗುರವಾಗಿ ಉಜ್ಜಿ, ಪಾಲಿಯುರೆಥೇನ್ ವಾರ್ನಿಶ್ ತೆಳ್ಳಗೆ ಎರಡು ಮೂರು ಕೋಟ್ ಕೊಡಿ. ಕುತ್ತಿಗೆಗೆ ಸುತ್ತಿದ ಕಪ್ಪು ದಾರ ಬಿಚ್ಚಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಮೇಣ ಹಚ್ಚಿದ ನೂಲು ಸಿಗುತ್ತದೆ. ಅದನ್ನೇ ಬಿಗಿಯಾಗಿ ಸುತ್ತಿ. ಅದು ಅಂದಕ್ಕಲ್ಲ, ಕುತ್ತಿಗೆ ಸೀಳದಿರಲಿ ಅಂತ.

ಅಭ್ಯಾಸದ ರೇಂಜ್‌ನ ಗಟ್ಟಿ ಬಾಲ್‌ಗಳಿಗೆ ಅದರಲ್ಲಿ ಹೊಡೆಯಬೇಡಿ. ಒದ್ದೆ ಕವರ್ ಹಾಕಿ ಇಡಬೇಡಿ. ಟೀ ತಗ್ಗಿಸಿ. ಈಗಿನ ಡ್ರೈವರ್‌ಗೆ 460 ಸಿಸಿವರೆಗೆ ಅವಕಾಶ ಇದೆ, ಅದರ ಪಕ್ಕ ಇದು ಪಾಪ, ಅರ್ಧವೂ ಇಲ್ಲ. ಬಾಲ್ ತಲೆಗಿಂತ ಮೇಲೆ ಕೂತರೆ ಆಕಾಶಕ್ಕೇ ಹೋಗುತ್ತದೆ, ಮೇಲಿನ ಬಣ್ಣಕ್ಕೂ ಕಲೆ.

ಎಡಗೈ ಅಕ್ಕ

ನಿಮ್ಮೆಲ್ಲರ ಅದೃಷ್ಟ. ಎಡಗೈಯವರಿಗೆ ಹಳೇ ಕ್ಲಬ್ ಅಟ್ಟದಲ್ಲೂ ಸಿಗುವುದಿಲ್ಲ, ಚಿಕ್ಕಪೇಟೆಯ ಸಂಡೇ ಬಜಾರ್‌ನಲ್ಲೂ ಸಿಗುವುದಿಲ್ಲ. ನನ್ನದು ಗಂಡಸರ ಎಡಗೈ ಸೆಟ್, ಉದ್ದ ಕತ್ತರಿಸಿಕೊಂಡದ್ದು. ಹಾಗಾಗಿ ಕತ್ತರಿಸುವ ಬಗ್ಗೆ ಎರಡು ಮಾತು. ಮನೆಯಲ್ಲಿ ಹೆಂಡತಿಗೋ ಮಗಳಿಗೋ "ಒಂದೆರಡು ಇಂಚು ಕಟ್ ಮಾಡಿ ಕೊಡೋಣ" ಅನ್ನುವ ಮಹನೀಯರು ಜಾಸ್ತಿ ಇದ್ದಾರೆ.

ಒಂದು ಇಂಚು ಕತ್ತರಿಸಿದರೆ ಸ್ವಿಂಗ್‌ವೇಟ್ (ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತದೆ ಅನ್ನುವ ಅಳತೆ) ಸುಮಾರು 6 ಪಾಯಿಂಟ್ ಇಳಿಯುತ್ತದೆ. ಆ ಅಳತೆಯಲ್ಲಿ ಡಿ 1 ಇದ್ದದ್ದು ಸಿ 5 ಆಗುತ್ತದೆ. ಕ್ಲಬ್‌ನ ತಲೆ ಎಲ್ಲಿದೆ ಅಂತ ಕೈಗೆ ಗೊತ್ತಾಗುವುದೇ ಇಲ್ಲ. ಮೇಲಾಗಿ ಶಾಫ್ಟ್ ಮೊದಲಿಗಿಂತ ಗಡುಸಾಗುತ್ತದೆ. ನಿಧಾನವಾಗಿ ಸ್ವಿಂಗ್ ಮಾಡುವವರಿಗೆ ಬೇಕಾದದ್ದು ಸರಿಯಾಗಿ ಇದರ ಉಲ್ಟಾ. ತಲೆಗೆ 2 ಗ್ರಾಂ ಸೇರಿಸಿದರೆ ಒಂದು ಪಾಯಿಂಟ್ ವಾಪಸ್ ಬರುತ್ತದೆ, ಅಂದರೆ ಒಂದು ಇಂಚಿಗೆ 12 ಗ್ರಾಂ ಸೀಸದ ಟೇಪ್. ನಾನು ಅರ್ಧ ತೂಕ ಮಾತ್ರ ವಾಪಸ್ ಹಾಕಿದೆ, ಗ್ರಿಪ್ ಹಗುರದ್ದು ಹಾಕಿದೆ. ಗ್ರಿಪ್‌ನಲ್ಲಿ ನಾಲ್ಕೈದು ಗ್ರಾಂ ಕಡಿಮೆಯಾದರೆ ಅದೇ ಒಂದು ಪಾಯಿಂಟ್ ಏರುತ್ತದೆ.

ಬೋಗಿ ಭಟ್ಟ (ಮಂಗಳೂರು)

ಅಕ್ಕಾ, ಸೀಸದ ಟೇಪ್ ಎಲ್ಲಿ ಸಿಗುತ್ತದೆ? ನಾನು ಕಾರಿನ ವೀಲ್ ಬ್ಯಾಲೆನ್ಸಿಂಗ್ ಅಂಗಡಿಯಿಂದ 5 ಗ್ರಾಂನ ಅಂಟು ತೂಕ ತಂದು ಐರನ್ ಬೆನ್ನಿಗೆ ಅಂಟಿಸಿದ್ದೇನೆ. ಗಟ್ಟಿ ನಿಂತಿದೆ.

ಎಡಗೈ ಅಕ್ಕ

ಆನ್‌ಲೈನ್‌ನಲ್ಲಿ ಸಿಗುತ್ತದೆ. ನಿಮ್ಮ ಐಡಿಯಾ ಭಾನುವಾರಕ್ಕೆ ಪರವಾಗಿಲ್ಲ. ಸ್ಪರ್ಧೆಗೆ ಹೋಗುವಾಗ ಕಿತ್ತುಬಿಡಿ, ನಿಯಮದಲ್ಲಿ ಹೆಸರು ಹಿಡಿದು ಒಪ್ಪಿರುವುದು ಸೀಸದ ಟೇಪನ್ನು. ಅದನ್ನೂ ಆಟದ ನಡುವೆ ಬೇಕಂತ ಹಾಕುವ ಹಾಗಿಲ್ಲ, ತೆಗೆಯುವ ಹಾಗಿಲ್ಲ. ಸೀಸ ಮುಟ್ಟಿದ ಕೈಯಲ್ಲಿ ವಡೆ ತಿನ್ನಬೇಡಿ, ತೊಳೆದುಕೊಳ್ಳಿ.

ಅಟ್ಟದ ಐರನ್ (ಮೈಸೂರು)

ಇಷ್ಟೆಲ್ಲ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ತುಂಬಾ ಥ್ಯಾಂಕ್ಸ್. ತಲೆಗಳೆಲ್ಲ ಭದ್ರ. ಅಳೆದೆ: 7 ಐರನ್ 37 ಚಿಲ್ಲರೆ. ಓಹಿಯೋದವರು ಹೇಳಿದ ಹಾಗೆ 4 ಐರನ್ ಯಾರೋ ಬಗ್ಗಿಸಿದ್ದಾರೆ, 3ಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ವೈಸ್‌ಗೆ ಕಚ್ಚಿಸಿ ನಾನೇ ನೆಟ್ಟಗೆ ಮಾಡಲಾ?

ಪಟರ್ ತಳದಲ್ಲಿ ಪಿಂಗ್ ಆನ್ಸರ್ ಅಂತ ಇದೆ, ಜೊತೆಗೆ ಫೀನಿಕ್ಸ್ 85029 ಅಂತ. ಹುಣಸೆಹಣ್ಣು ಹಾಕಿ ಹೊಳೆಸಲಾ?

ಸೋಮವಾರದ ಕ್ಯಾಡಿ

ವೈಸ್ ಬೇಡ ಸರ್. ಫೋರ್ಜ್ ಮಾಡಿದ ಮೆದು ಕಬ್ಬಿಣ ಬಗ್ಗುತ್ತದೆ, ನಿಜ. ಆದರೆ ಅದಕ್ಕೆ ತಲೆಯ ಓರೆ ತಿದ್ದುವ ಲಾಫ್ಟ್-ಲೈ ಮೆಷಿನ್ ಇದೆ, ಹತ್ತು ನಿಮಿಷದ ಕೆಲಸ. ವೈಸ್‌ನಲ್ಲಿ ಕಚ್ಚಿಸಿದರೆ ಕುತ್ತಿಗೆ ಬದಲು ಶಾಫ್ಟ್ ಬಾಗುತ್ತದೆ. ಎರಕ ಹೊಯ್ದ ಗಡುಸು ಸ್ಟೇನ್‌ಲೆಸ್ ಆದರೆ ಮುರಿದೇ ಹೋಗಬಹುದು. ನಿಮ್ಮ ಮಟ್ಟಕ್ಕೆ 3 ಮತ್ತು 4 ಎರಡನ್ನೂ ಬ್ಯಾಗಿನಿಂದ ತೆಗೆದಿಡಿ ಅಂತ ನನ್ನ ಸಲಹೆ. ಬ್ಲೇಡ್ 3 ಐರನ್ ಹೊಡೆಯುವವರನ್ನು ನಾನು ನೋಡಿದ್ದೇನೆ, ಅವರು ಇಂಥ ಪ್ರಶ್ನೆ ಕೇಳುವುದಿಲ್ಲ.

ಶಾಫ್ಟ್ ಬದಲಾಯಿಸುವ ಆಸೆ ಬಂದರೆ ಮೊದಲು ಕುತ್ತಿಗೆಯ ಪಕ್ಕದಲ್ಲಿ ಸಣ್ಣ ಚುಕ್ಕೆ ಕಾಣುತ್ತದಾ ನೋಡಿ. ಆ ಕಾಲದ ಎಷ್ಟೋ ಐರನ್‌ಗಳಿಗೆ ಅಡ್ಡ ಪಿನ್ ಹೊಡೆದಿರುತ್ತಾರೆ. ಅದನ್ನು ತೆಗೆಯದೆ ಎಷ್ಟು ಬಿಸಿ ಮಾಡಿದರೂ ಬರುವುದಿಲ್ಲ. ವಾಪಸ್ ಕೂರಿಸಲು ಅರಾಲ್ಡೈಟ್ ಥರದ ಎರಡು ಟ್ಯೂಬ್‌ನ ಅಂಟು, ಅದರಲ್ಲೂ ನಿಧಾನವಾಗಿ ಗಟ್ಟಿಯಾಗುವುದು. ಐದು ನಿಮಿಷದ್ದು ಈ ಪೆಟ್ಟಿಗೆ ತಡೆಯುವುದಿಲ್ಲ. ಗ್ರಾಫೈಟ್ ಶಾಫ್ಟ್ ಆದರೆ ಮನೆಯಲ್ಲಿ ಬಿಸಿ ಮಾಡಲೇಬೇಡಿ, ಒಳಗಿನ ರಾಳ ಸುಟ್ಟು ಶಾಫ್ಟ್ ಸತ್ತುಹೋಗುತ್ತದೆ.

ಓಹಿಯೋ ಕನ್ನಡಿಗ

ಪಟರ್ ಬಗ್ಗೆ ನಾನು ಹೇಳುತ್ತೇನೆ. ಆನ್ಸರ್ ಬಂದದ್ದು 1966ರಲ್ಲಿ. ತಳದಲ್ಲಿ ಸ್ಕಾಟ್ಸ್‌ಡೇಲ್ ಅಂತ ಇರುವ ಮೊದಮೊದಲಿನವಕ್ಕೆ ಸಂಗ್ರಹ ಮಾಡುವವರು ಒಳ್ಳೇ ಬೆಲೆ ಕೊಡುತ್ತಾರೆ. ಆಮೇಲೆ ಕಂಪನಿಯೇ ಆ ಹೆಸರಿನಲ್ಲಿ ಮತ್ತೆ ಮಾಡಿದವೂ ಇವೆ, ಹುಷಾರು. 85029 ಇರುವುದು ಧಾರಾಳವಾಗಿ ಸಿಗುತ್ತದೆ. ಹೊಳೆಸಿದರೆ ನಷ್ಟವೇನಿಲ್ಲ. ಆದರೂ ನಾನಾದರೆ ಹೊಳೆಸುವುದಿಲ್ಲ, ಬಿಸಿಲಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಅದನ್ನು ಮಾಡಿದ ಕಾರ್ಸ್ಟನ್ ಸೋಲ್‌ಹೈಮ್ ಜನರಲ್ ಎಲೆಕ್ಟ್ರಿಕ್‌ನಲ್ಲಿ ಇಂಜಿನಿಯರ್. ತನಗೇ ಪಟಿಂಗ್ ಸರಿ ಬರುತ್ತಿಲ್ಲ ಅಂತ ಗ್ಯಾರೇಜ್‌ನಲ್ಲಿ ಕುಳಿತು ಪಟರ್ ಮಾಡಿದವರು. ತೂಕವನ್ನು ತಲೆಯ ಎರಡು ತುದಿಗೆ ತಳ್ಳಿದರೆ, ಬಾಲ್ ನಡುವೆ ತಾಗದಿದ್ದರೂ ಮುಖ ತಿರುಗುವುದು ಕಡಿಮೆ ಅನ್ನುವುದು ಅವರ ಲೆಕ್ಕ. ಈಗಲೂ ಅರ್ಧ ಪ್ರಪಂಚ ಅದೇ ಆಕಾರದಲ್ಲಿ ಪಟ್ ಮಾಡುತ್ತಿದೆ. ಈ ಪಟರ್ ಇಟ್ಟುಕೊಂಡು ಹೊಸದಕ್ಕೆ ದುಡ್ಡು ಕೊಟ್ಟರೆ ನಾನು ನಿಮ್ಮ ಜೊತೆ ಮಾತು ಬಿಡುತ್ತೇನೆ.

ಬಿಡದಿ ಸ್ಲೈಸ್

ಪಟರ್‌ಗೆ ನಾನೂ ಒಪ್ಪಿದೆ. ಪಟರ್‌ಗೆ ವಯಸ್ಸಿಲ್ಲ. ಆದರೆ ಹಳೇ ವೆಜ್? ಗ್ರೂವ್ ಸವೆದಿದ್ದರೆ ಬಾಲ್ ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲು) ಮೇಲೆ ನಿಲ್ಲುವುದಿಲ್ಲ. ವೆಜ್ ಮಾತ್ರ ಹೊಸದು, ಇದು ನನ್ನ ಕೊನೇ ಮಾತು. ಡ್ರೈವರ್ ಬಗ್ಗೆಯೂ. ಉಳಿದದ್ದು ನಿಮ್ಮಿಷ್ಟ.

ಸೋಮವಾರದ ಕ್ಯಾಡಿ

ವೆಜ್ ವಿಷಯದಲ್ಲಿ ಸರ್ ಹೇಳಿದ್ದು ಸರಿ. ಉಗುರು ಅಡ್ಡ ಎಳೆದು ನೋಡಿ, ಸಾಲಿಗೆ ಸಿಕ್ಕಿಕೊಳ್ಳದಿದ್ದರೆ ಅದು ಮುಗಿದಿದೆ.

ಗ್ರಿಪ್ ಹಾಕುವುದು ಹೇಗೆ ಅಂತ ಇನ್‌ಬಾಕ್ಸ್‌ನಲ್ಲಿ ಕೇಳಿದ್ದೀರಿ, ಎಲ್ಲರಿಗೂ ಆಗಲಿ ಅಂತ ಇಲ್ಲೇ ಬರೆಯುತ್ತೇನೆ. ಹಳೇದನ್ನು ಕೊಕ್ಕೆ ಬ್ಲೇಡ್‌ನಲ್ಲಿ, ಮೈಯಿಂದ ಆಚೆಗೆ ಎಳೆದು ಸೀಳಿ. ಹಳೇ ಟೇಪ್ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿದರೆ ಎದ್ದು ಬರುತ್ತದೆ. ಎರಡು ಕಡೆ ಅಂಟಿರುವ ಟೇಪ್ ಸುತ್ತಿ, ಮೇಲ್ತುದಿಯಲ್ಲಿ ಅರ್ಧ ಇಂಚು ಹೊರಗೆ ಬಿಟ್ಟು ಅದನ್ನು ಶಾಫ್ಟ್ ಒಳಗೆ ತಿರುಚಿ ತುರುಕಿ. ಹೊಸ ಗ್ರಿಪ್‌ನ ತುದಿಯ ತೂತಿಗೆ ಟೀ ಚುಚ್ಚಿ, ಒಳಗೆ ಪೇಂಟ್ ಅಂಗಡಿಯ ಟರ್ಪೆಂಟೈನ್ ಹಾಕಿ ಕುಲುಕಿ, ಅದನ್ನೇ ಟೇಪ್ ಮೇಲೆ ಸುರಿದು, ತಡ ಮಾಡದೆ ಒಂದೇ ಸಲ ಒಳಗೆ ತಳ್ಳಿ. ನಡುವೆ ನಿಂತರೆ ಅಲ್ಲೇ ಅಂಟಿಕೊಳ್ಳುತ್ತದೆ. ಗ್ರಿಪ್‌ನ ಗೆರೆ ಕ್ಲಬ್ ಮುಖಕ್ಕೆ ನೇರ ಮಾಡಿ ರಾತ್ರಿ ಬಿಡಿ. ಪೆಟ್ರೋಲ್ ಹಾಕುವವರಿದ್ದಾರೆ, ನಾನು ಹೇಳುವುದಿಲ್ಲ. ಏನೇ ಆದರೂ ಮನೆ ಹೊರಗೆ, ಗ್ಯಾಸ್ ಒಲೆ, ಬೀಡಿ ಯಾವುದೂ ಹತ್ತಿರ ಬೇಡ. ಸೀಮೆಎಣ್ಣೆ ಜಿಡ್ಡು ಬಿಡುತ್ತದೆ, ಬೇಡ.

ಇನ್ನೊಂದು ದಾರಿ ಇದೆ. ಸಾಮಾನ್ಯ ಮಾಸ್ಕಿಂಗ್ ಟೇಪ್ ಒಂದು ಸುತ್ತು ಹಾಕಿ, ಪಂಕ್ಚರ್ ಅಂಗಡಿಯಲ್ಲಿ ತುದಿಯ ತೂತಿನಿಂದ ಗಾಳಿ ಬಿಟ್ಟರೆ ಗ್ರಿಪ್ ಉಬ್ಬಿ ತಾನಾಗೇ ಜಾರಿ ಕೂರುತ್ತದೆ. ಬೇಡ ಅಂದರೆ ಹಾಗೇ ತೆಗೆಯಬಹುದು. ಗಾಳಿ ಜಾಸ್ತಿ ಬಿಟ್ಟರೆ ಗ್ರಿಪ್ ಒಡೆಯುತ್ತದೆ, ಮುಖ ದೂರ ಇಟ್ಟುಕೊಳ್ಳಿ.

ಕಾಫಿ ಮತ್ತು ಕರಿಮೆಣಸು (ಕೊಡಗು)

ನನ್ನದೊಂದು ಪ್ರಸ್ತಾಪ. ಮಳೆಗಾಲ ಮುಗಿದ ಮೇಲೆ ಹಳೇ ಕ್ಲಬ್‌ನವರೆಲ್ಲ ಒಂದು ದಿನ ಸೇರೋಣ. 1990ಕ್ಕಿಂತ ಮುಂಚಿನ ಕ್ಲಬ್ ಮಾತ್ರ. ನಿಯಮದಲ್ಲಿ 14 ಕ್ಲಬ್‌ವರೆಗೆ ಇದ್ದರೂ ನಾವು 7ಕ್ಕೆ ನಿಲ್ಲಿಸೋಣ. ಅರ್ಧ ಹೊಡೆತ, ಮುಕ್ಕಾಲು ಹೊಡೆತ ಆಡುವ ಮಜಾ ಆಗ ಗೊತ್ತಾಗುತ್ತದೆ. ಲೆಕ್ಕ ಸ್ಟೇಬಲ್‌ಫೋರ್ಡ್‌ನಲ್ಲಿ, ಅಂದರೆ ಒಂದೊಂದು ಹೋಲ್‌ಗೆ ಇಷ್ಟು ಪಾಯಿಂಟ್ ಅಂತ. ಒಂದು ಹೋಲ್ ಕೆಟ್ಟರೆ ಸೊನ್ನೆ ಹಾಕಿಕೊಂಡು ಬಾಲ್ ಎತ್ತಿ ಮುಂದೆ ಹೋಗುವುದು. ಎಲ್ಲರ ಸಮಯವೂ ಉಳಿಯುತ್ತದೆ.

ಎಡಗೈ ಅಕ್ಕ

ನನ್ನ ಸೆಟ್ 1990ರ ಈಚಿನದು. ಎಡಗೈಗೆ ವಿನಾಯಿತಿ ಕೊಡಿ, ಇಲ್ಲದಿದ್ದರೆ ನಾನು ಪಟರ್ ಒಂದರಲ್ಲೇ 18 ಹೋಲ್ ಆಡಬೇಕಾಗುತ್ತದೆ.

ಬೋಗಿ ಭಟ್ಟ (ಮಂಗಳೂರು)

ಅಕ್ಕನಿಗೆ ವಿನಾಯಿತಿ ಪಾಸ್. ಗಿಮ್ಮಿ (ಹೊಡೆಯದೆಯೇ ಬಿತ್ತು ಅಂತ ಬಿಡುವ ಹತ್ತಿರದ ಪಟ್) ಎಷ್ಟು ಉದ್ದ ಅಂತ ಮೊದಲೇ ಹೇಳಿಬಿಡಿ, ಕಳೆದ ಸಲ ಪಟರ್‌ನ ಗ್ರಿಪ್‌ವರೆಗಾ ತುದಿವರೆಗಾ ಅಂತ ಗ್ರೀನ್ ಮೇಲೆ ಕೋರ್ಟ್ ನಡೆಯಿತು. ಸೋತ ಜೋಡಿ ಎಲ್ಲರಿಗೂ ತಿಂಡಿ ಕೊಡಿಸುವುದು.

ಬಿಡದಿ ಸ್ಲೈಸ್

ನಾನೂ ಬರಬಹುದಾ? ಆಫೀಸಿನ ಹಿರಿಯರೊಬ್ಬರ ಹತ್ತಿರ ಪಿಂಗ್ ಐ 2 ಇದೆ, ಒಂದು ದಿನಕ್ಕೆ ಕೇಳುತ್ತೇನೆ. 1982ರ ಮಾದರಿ, ಆದರೆ ಹಿಂದೆ ಗುಳಿ ಇದೆ. ಬ್ಲೇಡ್ ಮಾತ್ರ ಅಂತ ನಿಯಮ ಇಲ್ಲ ತಾನೇ?

ಕಾಫಿ ಮತ್ತು ಕರಿಮೆಣಸು (ಕೊಡಗು)

ಇಲ್ಲ, ಬನ್ನಿ. ನಿಮ್ಮ ಡ್ರೈವರ್ ಕಾರಿನಲ್ಲೇ ಇರಲಿ. ನನ್ನ ಹತ್ತಿರ ಮರದ್ದು ಎರಡಿವೆ, ಒಂದು ಕೊಡುತ್ತೇನೆ.

ಅಟ್ಟದ ಐರನ್ (ಮೈಸೂರು)

ನಾನೂ ರೆಡಿ. ಗ್ರಿಪ್ ತರಿಸುವ ಮೊದಲು ಒಂದೇ ಪ್ರಶ್ನೆ: ಪಟ್ಟಿಯಲ್ಲಿ 58, 60 ಅಂತ ಎರಡು ಇದೆ. ಯಾವುದು?

ಸೋಮವಾರದ ಕ್ಯಾಡಿ

ಅದು ಗ್ರಿಪ್ ಒಳಗಿನ ತೂತಿನ ಅಳತೆ ಸರ್. ಮೇಲ್ತುದಿಯಲ್ಲಿ ಶಾಫ್ಟ್‌ನ ದಪ್ಪ ಕ್ಯಾಲಿಪರ್‌ನಲ್ಲಿ ಅಳೆಯಿರಿ. 0.600 ಇಂಚು ಅಂದರೆ ಸುಮಾರು 15.2 ಮಿಲಿಮೀಟರ್, 0.580 ಅಂದರೆ 14.7. ಹಳೇ ಉಕ್ಕಿನ ಶಾಫ್ಟ್ ಸಾಮಾನ್ಯವಾಗಿ 60 ಇರುತ್ತದೆ, ಆದರೂ ಒಂದೊಂದನ್ನೂ ಅಳೆದೇ ಆರ್ಡರ್ ಮಾಡಿ. ಬೆರಳು ಉದ್ದ ಇದ್ದರೆ ಟೇಪ್ ಒಂದು ಸುತ್ತು ಜಾಸ್ತಿ ಹಾಕಿ. ಡ್ರೈವರ್‌ಗೂ ಒಂದು ಸೇರಿಸಿ ತರಿಸಿ.